ಅಮ್ಮ ಹುಡುಕುತ್ತಿದ್ದ ನಂಬರ್

ಅಪ್ಪನ ಗಾಡಿಯ ಹಿಂಬದಿಯ ನಂಬರ್ ಪ್ಲೇಟಿನ ಎಡ ಮೂಲೆಯಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ತಗ್ಗಿತ್ತು. ಸೂಪರ್ ಮಾರ್ಕೆಟ್ಟಿನ ಟ್ರಾಲಿ ತಾಗಿ ಆದದ್ದು. ಟ್ರಾಲಿ ತಳ್ಳಿದ್ದು ಅಮ್ಮ. ಆ ಜಾಗದಲ್ಲಿ ಬಿಳಿ ಬಣ್ಣ ಎದ್ದು ಒಳಗಿನ ತಗಡು ಕಾಣುತ್ತಿತ್ತು. ಗಾಡಿ ತೊಳೆಯುವವರು ಅದನ್ನು ಕೊಳೆ ಎಂದುಕೊಂಡು ಪ್ರತಿ ಸಲವೂ ಅಲ್ಲೇ ಹೆಚ್ಚು ತಿಕ್ಕುತ್ತಿದ್ದರು. ಬರಬರುತ್ತಾ ಆ ತಗ್ಗು ಇಡೀ ಪ್ಲೇಟಿಗಿಂತ ಹೆಚ್ಚು ಹೊಳೆಯತೊಡಗಿತು.

ನಂಬರನ್ನು ಇಲ್ಲಿ ಬರೆಯುವುದಿಲ್ಲ. ಐದು ಅಂಕಿಗಳದ್ದು, ಸಾಲಾಗಿ ಬರುವ ಅಂಕಿಗಳಲ್ಲ, ಜೋಡಿ ಅಂಕಿಗಳೂ ಅಲ್ಲ. ದುಬೈಯಲ್ಲಿ ಜನ ಹರಾಜಿನಲ್ಲಿ ಕೂಗಿ ಕೊಳ್ಳುವಂಥ ನಂಬರ್ ಅದಾಗಿರಲಿಲ್ಲ. ಆದರೂ ಅಪ್ಪ ಅದನ್ನು ಆರಿಸಿ, ಕೇಳಿ, ಹೆಚ್ಚಿನ ಶುಲ್ಕ ಕೊಟ್ಟು ತಂದಿದ್ದರು. ಗಾಡಿ ಬದಲಾದಾಗಲೆಲ್ಲ ಹಳೆಯದರಿಂದ ಬಿಚ್ಚಿಸಿ ಹೊಸದಕ್ಕೆ ಹಾಕಿಸುತ್ತಿದ್ದರು. ಇಲ್ಲಿ ನಂಬರ್ ಗಾಡಿಯದ್ದಲ್ಲ, ಮಾಲೀಕನದ್ದು. ಗಾಡಿ ಮಾರಿದರೂ ನಂಬರನ್ನು ಇಟ್ಟುಕೊಳ್ಳಬಹುದು.

ಅದು ಬಂದ ಕಾರಣ ಒಂದು ಕಿಲೋ ಬಂಗುಡೆ ಮೀನು.

ನಾನು ಉಡುಪಿಯ ಕಡೆ ಅಜ್ಜಿಯ ಜೊತೆ ಇದ್ದು, ಏಳನೆಯ ತರಗತಿ ಮುಗಿಸಿ, ದುಬೈಗೆ ಬಂದ ವರ್ಷ ಅದು. ನಾವು ಮಿರ್ದಿಫಿನಲ್ಲಿ ಒಂದು ವಿಲ್ಲಾದ ಹಿಂಭಾಗದ ಎರಡು ಕೋಣೆಗಳಲ್ಲಿದ್ದೆವು. ಅಪ್ಪ ಅಲ್ ಕೂಜಿನ ಒಂದು ಗೋದಾಮಿನ ಮ್ಯಾನೇಜರ್. ಶುಕ್ರವಾರ ಸಂಜೆ ಸಾಮಾನು ತರಲು ಮೂವರೂ ಹೋಗುವುದು. ಅಪ್ಪ ಒಳಗೆ ಬರುತ್ತಿರಲಿಲ್ಲ. ಗಾಡಿಯಲ್ಲೇ ಎಸಿ ಹಾಕಿಕೊಂಡು ಕೂರುತ್ತಿದ್ದರು. ಆ ದಿನ ಅಮ್ಮ ಮೀನಿನ ಚೀಲ ಹಿಡಿದು ಮುಂದೆ, ನಾನು ತರಕಾರಿ ಹಿಡಿದು ಹಿಂದೆ. ಅಮ್ಮ ಒಂದು ಬಿಳಿ ಗಾಡಿಯ ಮುಂದಿನ ಬಾಗಿಲು ತೆಗೆದು ಕೂತರು. ನಾನು ಹಿಂದಿನ ಬಾಗಿಲಿಗೆ ಕೈ ಹಾಕಿದವಳು ಒಳಗೆ ಮಗುವಿನ ಕುರ್ಚಿ ಕಂಡು ನಿಂತೆ. ನಮ್ಮ ಗಾಡಿಯಲ್ಲಿ ಮಗುವಿನ ಕುರ್ಚಿ ಇರಲಿಲ್ಲ.

ಅಮ್ಮ ಚೀಲವನ್ನು ಕಾಲ ಬಳಿ ಇಟ್ಟು ಮಾತು ಶುರು ಮಾಡಿಯಾಗಿತ್ತು. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹೊರಡಿ, ಹೊರಡಿ. ಬಂಗುಡೆ ಹಾಳಾಗ್ತದೆ. ಆ ಜನಕ್ಕೆ ತೂಗ್ಲಿಕ್ಕೆ ಅರ್ಧ ದಿನ ಬೇಕು. ಎಸಿ ಸ್ವಲ್ಪ ಜಾಸ್ತಿ ಮಾಡಿ ನೋಡುವ."

ಚಾಲಕನ ಸೀಟಿನಲ್ಲಿದ್ದವರು ಬಿಳಿ ಕಂದೂರ ನಿಲುವಂಗಿ ತೊಟ್ಟ ವಯಸ್ಸಾದ ಅರಬ್ಬಿ. ಅಷ್ಟು ಮಾತಿನಲ್ಲಿ ಅವರಿಗೆ ಎಸಿ ಎಂಬುದೊಂದು ಅರ್ಥವಾಗಿರಬೇಕು. ಅವರು ಎಸಿ ಜಾಸ್ತಿ ಮಾಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಹಿಂದಿಯಲ್ಲಿ, ಎಲ್ಲಿಗೆ ಹೋಗಬೇಕಮ್ಮಾ ಎಂದು ಕೇಳಿದರು:

"ಮಾಮಾ, ಕಿದರ್ ಜಾನಾ?"

ಅಮ್ಮ ತಿರುಗಿ ನೋಡಿದರು. ಕೂಗಲಿಲ್ಲ. "ಸಾರಿ" ಎಂದು ಇಳಿದು, ಬಾಗಿಲು ಮೆಲ್ಲನೆ ಹಾಕಿ, ನನ್ನ ಕೈ ಹಿಡಿದು ಬೇಗ ಬೇಗ ನಡೆದರು. ಹಿಂದಿನಿಂದ ಹಾರ್ನ್ ಕೇಳಿತು. ಆ ಹಿರಿಯರು ಗಾಡಿಯನ್ನು ನಮ್ಮ ಪಕ್ಕಕ್ಕೆ ತಂದು, ಕಿಟಕಿಯಿಂದ ಚೀಲವನ್ನು ಹೊರಗೆ ಹಿಡಿದಿದ್ದರು. "ಸಮಕ್, ಮಾಮಾ, ಸಮಕ್!" ಮೀನಿಗೆ ಅರಬ್ಬಿಯಲ್ಲಿ ಸಮಕ್ ಎನ್ನುತ್ತಾರೆಂದು ನಾನು ಕಲಿತದ್ದು ಹಾಗೆ.

ಅಪ್ಪ ಮೂರು ಗಾಡಿ ಆಚೆ ಇದ್ದರು. ಎಲ್ಲವನ್ನೂ ಕನ್ನಡಿಯಲ್ಲಿ ನೋಡಿದ್ದರು.

"ಬಂದೆಯಾ? ನಾನು ಹೊಸ ಡ್ರೈವರ್ ಸಿಕ್ಕಿದ ಅಂತ ಮಾಡಿದ್ದೆ."

"ನೀವು ಕೆಂಪು ಗಾಡಿ ತಕೊಂಡಿದ್ರೆ ಇದೆಲ್ಲ ಇರ್ತಿರ್ಲಿಲ್ಲ."

"ಕೆಂಪು ಗಾಡಿ ಮಾರುವಾಗ ಗಿರಾಕಿ ಸಿಗುದಿಲ್ಲ."

"ಹೆಂಡ್ತಿ ಸಿಗದಿದ್ರೆ ಅಡ್ಡಿಲ್ವಾ?"

"ನಂಬರ್ ನೋಡು ಅಂತ ನೂರು ಸಲ ಹೇಳಿದ್ದೇನೆ ಮಾರಾಯ್ತಿ."

"ನಂಗೆ ತಲೆಯಲ್ಲಿ ಕೂತದ್ದು ಒಂದೇ ನಂಬರ್," ಎಂದು ಅಮ್ಮ ಆ ಐದು ಅಂಕಿಗಳನ್ನು ಹೇಳಿದರು. "ಬೇರೆ ಯಾವ್ದೂ ಒಳಗೆ ಹೋಗುದಿಲ್ಲ."

ಅದು ಕಾಪುವಿನಲ್ಲಿದ್ದ ಅವರ ತವರಿನ ಫೋನ್ ನಂಬರ್. ಮದುವೆಯಾಗಿ ದುಬೈಗೆ ಬಂದ ಮೊದಲ ವರ್ಷಗಳಲ್ಲಿ ಅಮ್ಮ ರಸ್ತೆ ಬದಿಯ ಬೂತಿನಲ್ಲಿ ಕಾರ್ಡು ತೂರಿಸಿ ಶುಕ್ರವಾರ ಶುಕ್ರವಾರ ಒತ್ತುತ್ತಿದ್ದದ್ದು ಅದೇ. ಮುಂದೆ ಊರಿನ ನಂಬರುಗಳಿಗೆಲ್ಲ ಎದುರು ಎರಡು ಅಂಕಿ ಸೇರಿ ಏಳಂಕಿಯಾಯಿತು. ಅಮ್ಮನ ತಲೆಯಲ್ಲಿ ಐದೇ ಉಳಿಯಿತು. ಮೀನಿನ ದಿನದ ಹೊತ್ತಿಗೆ ಆ ಫೋನನ್ನು ತೆಗೆಸಿಯೂ ಆಗಿತ್ತು.

ಕೆಲವು ವಾರಗಳ ನಂತರ ಒಂದು ಸಂಜೆ ಅಪ್ಪ ಬಂದು ಅಮ್ಮನನ್ನು ಹೊರಗೆ ಕರೆದರು. ಅಮ್ಮ ಒದ್ದೆ ಕೈಯಲ್ಲೇ ಬಂದು ಗಾಡಿಯ ಹಿಂದೆ ನಿಂತರು. ಬಗ್ಗಿ ಓದಿದರು. ನಂತರ ಹೇಳಿದ್ದು, "ಇದಕ್ಕೆ ಎಷ್ಟು ಕೊಟ್ರಿ? ಅಧಿಕಪ್ರಸಂಗ." ಒಳಗೆ ಹೋಗಿ ಒಲೆಯ ಮುಂದೆ ನಿಂತವರು ಸ್ವಲ್ಪ ಹೊತ್ತಿನಲ್ಲಿ ಕೈ ಒರೆಸಿಕೊಂಡು ಮತ್ತೆ ಹೊರಗೆ ಹೋದರು.

ಅಲ್ಲಿಂದ ಮುಂದೆ ಅಮ್ಮ ಗಾಡಿಯನ್ನು ನೋಡುತ್ತಲೇ ಇರಲಿಲ್ಲ. ಯಾವ ಪಾರ್ಕಿಂಗಿನಲ್ಲಾದರೂ ಗಾಡಿಗಳ ಹಿಂಬದಿಗೆ ನಡೆದು, ನಂಬರುಗಳನ್ನಷ್ಟೇ ನೋಡುತ್ತಾ ಹೋಗಿ, ತಮ್ಮದರ ಹತ್ತಿರ ನಿಂತು, ಪ್ಲೇಟಿಗೆ ಕೈಯಿಂದ ಒಮ್ಮೆ ತಟ್ಟಿ, ನಂತರ ಬಾಗಿಲಿಗೆ ಬರುತ್ತಿದ್ದರು. ಗಾಡಿ ಮೂರು ಸಲ ಬದಲಾಯಿತು. ಅಮ್ಮನಿಗೆ ಆದ ವ್ಯತ್ಯಾಸವೆಂದರೆ ಸೀಟಿನ ಬಟ್ಟೆಯದ್ದು ಮಾತ್ರ.

ಅಮ್ಮ ತೀರಿಕೊಂಡಾಗ ನಾನು ಮಂಗಳೂರಿನಲ್ಲಿ ರಸಾಯನಶಾಸ್ತ್ರದ ಎಂಎಸ್ಸಿ ಮುಗಿಸಿ ಬಂದು ದುಬೈಯಲ್ಲಿ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಆಸ್ಪತ್ರೆಯಿಂದ ಅಪ್ಪನೂ ನಾನೂ ಹೊರಗೆ ಬಂದಾಗ ಮಧ್ಯಾಹ್ನ. ಪಾರ್ಕಿಂಗ್ ತುಂಬ ಬಿಳಿ ಗಾಡಿಗಳು. ನಾವಿಬ್ಬರೂ ಹುಡುಕದೆ ನೇರ ನಮ್ಮದರ ಬಳಿಗೆ ಹೋದೆವು. ಅಪ್ಪ ಕೂತು ಸ್ವಲ್ಪ ಹೊತ್ತು ಗಾಡಿ ಸ್ಟಾರ್ಟ್ ಮಾಡಲಿಲ್ಲ. ಪ್ಲೇಟಿಗೆ ತಟ್ಟುವ ಸದ್ದಿಗೆ ಕಾಯುತ್ತಿದ್ದಾರೆಂದು ನನಗೆ ಗೊತ್ತಾಯಿತು. ನಾನು ಸೀಟು ಬೆಲ್ಟ್ ಹಾಕಿಕೊಂಡೆ.

ದೇಹವನ್ನು ಊರಿಗೆ ಒಯ್ದೆವು. ಅಲ್ಲಿ ಚಿಕ್ಕಮ್ಮಂದಿರು ನನ್ನ ಬೆನ್ನು ಸವರುತ್ತಾ, "ಅತ್ತುಬಿಡು ಮಗಾ, ಹಗುರ ಆಗ್ತದೆ" ಎಂದರು. ಅಳು ಬರಲಿಲ್ಲ. ಹೊತ್ತಿಗೆ ಸರಿಯಾಗಿ ಹಸಿವಾಗುತ್ತಿತ್ತು. ನಿದ್ದೆ ಬರುತ್ತಿತ್ತು. ಬೇಸಗೆಯಲ್ಲಿ ಎಸಿ ಕೋಣೆಯಿಂದ ಕಿಟಕಿಯಾಚೆಯ ಬಿಸಿಲು ನೋಡಿದರೆ ಅದು ಸುಡುತ್ತದೆಂದು ಗೊತ್ತಿರುತ್ತದೆ, ಮೈಗೆ ತಾಗುವುದಿಲ್ಲ. ನನಗೆ ಆಗಿದ್ದದ್ದು ಅಷ್ಟೇ. ದುಬೈಗೆ ಮರಳಿದ ಮರುದಿನ ಕೆಲಸಕ್ಕೆ ಹೋದೆ.

ನನ್ನದು ನೀರು ಪರೀಕ್ಷಿಸುವ ಕೆಲಸ. ಸಮುದ್ರದ ನೀರಿನಿಂದ ಉಪ್ಪು ತೆಗೆದು ಕುಡಿಯಲು ಕೊಡುತ್ತಾರಲ್ಲ, ಅದರ ಮಾದರಿಗಳು ನಮ್ಮ ಪ್ರಯೋಗಾಲಯಕ್ಕೆ ಬರುತ್ತವೆ. ಅಮ್ಮ ಹೋಗಿ ಆರೇಳು ತಿಂಗಳಿಗೆ ಕಂಪೆನಿ ನನ್ನನ್ನು ಅಬುಧಾಬಿಯ ಪ್ರಯೋಗಾಲಯಕ್ಕೆ ಹಾಕಿತು. ವೀಸಾ ದುಬೈಯದ್ದೇ. ನಾನು ಅಲ್ ಬರ್ಷಾದಲ್ಲಿ ಒಂದು ಫ್ಲ್ಯಾಟ್ ಹಿಡಿದೆ. ಅಬುಧಾಬಿ ರಸ್ತೆಗೆ ಹತ್ತಿರ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಅಪ್ಪ ಮಿರ್ದಿಫಿನಲ್ಲೇ ಉಳಿದರು. ನನಗೆ ಗಾಡಿ ಬೇಕಾಯಿತು.

ಕೊಳ್ಳುವ ಯೋಚನೆಯೇ ಬರಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದನ್ನೂ ನನ್ನದು ಮಾಡಿಕೊಳ್ಳುವ ಮನಸ್ಸಿರಲಿಲ್ಲ. ಫ್ಲ್ಯಾಟಿಗೂ ಪರದೆ ಹಾಕಿಸಿರಲಿಲ್ಲ. ಅಲ್ ಕೂಜಿನ ಒಂದು ಲೀಸ್ ಕಚೇರಿಗೆ ಹೋದೆ. ಅಲ್ಲಿದ್ದ ಏಜೆಂಟ್ ನನ್ನ ಇಂಗ್ಲಿಷ್ ಕೇಳಿ ಒಂದು ನಿಮಿಷ ನೋಡಿ, "ಮ್ಯಾಡಂ, ಊರಲ್ಲಿ ಎಲ್ಲಿ?" ಎಂದು ಕನ್ನಡದಲ್ಲಿ ಕೇಳಿದ. ಉಡುಪಿ ಕಡೆ ಎಂದೆ. ಅವನು ಉಪ್ಪಿನಂಗಡಿಯ ಬ್ಯಾರಿ. ಆ ಕ್ಷಣದಿಂದ ಮ್ಯಾಡಂ ಹೋಗಿ ಅಕ್ಕ ಆದೆ.

"ತಲೆಬಿಸಿ ಇಲ್ಲ ಅಕ್ಕ. ಸರ್ವಿಸು, ಇನ್ಶೂರೆನ್ಸು, ಟಯರು, ಎಲ್ಲ ನಮ್ದು. ಪೆಟ್ರೋಲ್ ಒಂದು ನಿಮ್ದು. ಮೂರು ವರ್ಷ ಓಡಿಸಿ, ಖಲಾಸ್, ವಾಪಸ್ ಕೊಟ್ಟುಬಿಡಿ."

ವಾಪಸ್ ಕೊಟ್ಟುಬಿಡಿ ಎಂಬ ಮಾತು ನನಗೆ ಹಿಡಿಸಿತು.

"ಬಣ್ಣ ಯಾವ್ದು?"

"ಯಾವುದಾದ್ರೂ."

ಬಿಳಿ ಕೊಟ್ಟ. ಕೀಲಿಗೊಂಚಲಿಗೆ ಕಂಪೆನಿಯ ಪ್ಲಾಸ್ಟಿಕ್ ಬಿಲ್ಲೆ ಕಟ್ಟಿತ್ತು. ಅದರ ಮೇಲೆ ಗಾಡಿಯ ನಂಬರ್ ಇತ್ತು. ನಾನು ಅದನ್ನು ಓದಲಿಲ್ಲ.

ಓದದ ಪರಿಣಾಮ ತಿಂಗಳೊಳಗೆ ಗೊತ್ತಾಯಿತು. ದುಬೈಯಲ್ಲಿ ರಸ್ತೆ ಬದಿಯಲ್ಲಿ ನಿಲ್ಲಿಸಿದರೆ ಮೊಬೈಲಿನಲ್ಲಿ ಗಾಡಿಯ ನಂಬರ್ ಹೊಡೆದು ಹಣ ಕಟ್ಟಬೇಕು. ಒಂದು ದಿನ ಏಜೆಂಟ್ ಫೋನ್ ಮಾಡಿದ.

"ಅಕ್ಕ, ಪಾರ್ಕಿಂಗ್ ಫೈನ್ ಬಂದುಂಟು. ಒಂದಲ್ಲ, ಸುಮಾರುಂಟು. ನೀವು ದುಡ್ಡು ಕಟ್ಟುದಿಲ್ವಾ?"

"ಪ್ರತಿ ಸಲ ಕಟ್ಟಿದ್ದೇನೆ."

"ಯಾರ ಗಾಡಿಗೆ ಕಟ್ಟಿದ್ದು ಮಾರಾಯ್ರೆ?"

ನೋಡಿದೆ. ಪ್ರತಿ ಸಲವೂ ಅಮ್ಮನ ನಂಬರ್ ಹೊಡೆದಿದ್ದೆ. ಮಿರ್ದಿಫಿನ ಮನೆಯಂಗಳದಲ್ಲಿ ನಿಂತಿದ್ದ ಅಪ್ಪನ ಗಾಡಿಗೆ ಅಲ್ ಬರ್ಷಾದಲ್ಲಿ, ಕರಾಮಾದಲ್ಲಿ, ದೇರಾದಲ್ಲಿ ಜಾಗ ಹಿಡಿದು ಕೊಟ್ಟಿದ್ದೆ. ಅಪ್ಪನಿಗೆ ಹೇಳಿದಾಗ ಅವರು ತುಂಬಾ ಹೊತ್ತು ನಕ್ಕರು. "ಹಾಗಾದ್ರೆ ನಮ್ಮ ಗಾಡಿ ಊರೆಲ್ಲ ತಿರುಗ್ತಾ ಉಂಟು. ಮುದುಕ ಮನೆಯಲ್ಲಿ, ಗಾಡಿ ಪೇಟೆಯಲ್ಲಿ."

ಮರುವರ್ಷ ಅಪ್ಪ ನಿವೃತ್ತರಾದರು. ಕೆಲಸ ಮುಗಿದರೆ ಇಲ್ಲಿ ವೀಸಾವೂ ಮುಗಿಯುತ್ತದೆ. ನಾನು ನನ್ನ ಹೆಸರಿನಲ್ಲಿ ಅವರಿಗೆ ವೀಸಾ ಮಾಡಿಸಿದೆ. ಇಲ್ಲಿಗೆ ಬಂದ ಹೊಸತರಲ್ಲಿ ನಾನು ಅವರ ವೀಸಾದಲ್ಲಿದ್ದೆ. ಹೆತ್ತವರ ವೀಸಾವನ್ನು ವರ್ಷ ವರ್ಷ ನವೀಕರಿಸಬೇಕು. ಮಿರ್ದಿಫಿನ ಮನೆ ಬಿಟ್ಟು ಅವರು ನನ್ನ ಜೊತೆ ಇರಲು ಬಂದರು. ಅದೇ ಸುಮಾರಿಗೆ ಡ್ರೈವಿಂಗ್ ಲೈಸೆನ್ಸ್ ನವೀಕರಿಸಲು ಕಣ್ಣು ಪರೀಕ್ಷೆಗೆ ಹೋದವರು ಬೇಗನೆ ಮರಳಿದರು.

"ಕೊನೆಯ ಸಾಲು ಓದಿ ಅಂದ. ಅದು ಅರಬ್ಬಿಯಲ್ಲಿ ಬರೆದದ್ದು, ನಂಗೆ ಬರುದಿಲ್ಲ ಅಂದೆ. ಅರಬ್ಬಿಯಲ್ಲ ಅಂಕಲ್, ಇಂಗ್ಲಿಷ್ ಅಂದ."

ಹಾಗೆ ಗಾಡಿ ಮಾರುವುದೆಂದು ನಿರ್ಧಾರವಾಯಿತು. ಅದು ಹಳೆಯದಾಗಿತ್ತು, ನಿತ್ಯ ಅಬುಧಾಬಿಗೆ ಓಡಿಸುವಂತಿರಲಿಲ್ಲ. ನಮ್ಮ ಕಟ್ಟಡದಲ್ಲಿ ಒಂದು ಫ್ಲ್ಯಾಟಿಗೆ ಒಂದೇ ಗಾಡಿಯ ಜಾಗ. ಅಪ್ಪ ಅದಕ್ಕೆಲ್ಲ ಬೇಸರ ಮಾಡಿಕೊಳ್ಳಲಿಲ್ಲ. ಒಂದು ಮಾತು ಮಾತ್ರ ಕೇಳಿದರು.

"ನಂಬರನ್ನು ನಿನ್ನ ಗಾಡಿಗೆ ಹಾಕಿಸುವ ಅಲ್ವಾ?"

"ಕೇಳ್ತೇನೆ."

"ಕೇಳ್ಲಿಕ್ಕೆ ಎಂಥ ಉಂಟು? ನಂಬರ್ ನಮ್ದು. ಇಷ್ಟು ವರ್ಷ ಹೀಗೇ ದಾಟಿಸಿದ್ದಲ್ವಾ?"

ಮರುದಿನ ಏಜೆಂಟಿಗೆ ಫೋನ್ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಆಗ್ಲಿಕ್ಕಿಲ್ಲ ಅಕ್ಕ. ನಂಬರ್ ಯಾರ ಹೆಸರಲ್ಲಿ ಉಂಟೋ ಗಾಡಿಯೂ ಅವರ ಹೆಸರಲ್ಲೇ ಇರ್ಬೇಕು. ನಂಬರ್ ನಿಮ್ದು. ಗಾಡಿ ಕಂಪೆನಿದು. ನೀವು ಓಡಿಸುದು ಮಾತ್ರ."

"ಬೇರೆ ದಾರಿ?"

"ನಂಬರನ್ನು ಕಂಪೆನಿ ಹೆಸರಿಗೆ ಬರೆದುಕೊಡ್ಬಹುದು. ಆದ್ರೆ ಮತ್ತೆ ಅದು ನಿಮ್ದಲ್ಲ. ಬೇಡ, ನಾನೇ ಹೇಳ್ತಿದ್ದೇನೆ, ಬೇಡ. ಗಾಡಿಯಿಂದ ಇಳಿಸಿ ನಿಮ್ಮ ಹೆಸರಲ್ಲಿ ಸುಮ್ನೆ ಇಟ್ಟುಕೊಳ್ಳಿ. ವರ್ಷ ವರ್ಷ ರಿನ್ಯೂ ಮಾಡಿ. ಮುಂದೆ ಸ್ವಂತ ಗಾಡಿ ತಕೊಂಡಾಗ ಹಾಕಿಸಿದ್ರಾಯ್ತು."

ಲೀಸ್ ಮುಗಿಯಲು ಎರಡು ವರ್ಷ ಉಳಿದಿತ್ತು.

ಅಪ್ಪನಿಗೆ ಊಟದ ಹೊತ್ತಿನಲ್ಲಿ ಹೇಳಿದೆ. ಅವರು ಮೊಸರು ಹಾಕಿಕೊಳ್ಳುತ್ತಿದ್ದರು.

"ಅಂದ್ರೆ ಈ ಗಾಡಿ ನಿನ್ನದಲ್ವಾ?"

"ಲೀಸ್ ಅಂತ ಆವತ್ತೇ ಹೇಳಿದ್ದೆ."

"ನಾನು ಕಂತು ಅಂದ್ಕೊಂಡೆ. ಅಂದ್ರೆ ಇದು ಬಾಡಿಗೆಯಾ?"

"ಲೀಸ್."

"ಅದೇ. ಬಾಡಿಗೆ." ಮೊಸರಿನ ಪಾತ್ರೆ ಮುಚ್ಚಿದರು. "ಕಾಗದದಲ್ಲಿ ಕೂತ ನಂಬರ್ ಯಾರ ಕಣ್ಣಿಗೆ ಬೀಳ್ತದೆ?"

ಅಪ್ಪನ ಪರಿಚಯದ ಹೋಟೆಲ್ ಯಜಮಾನರೊಬ್ಬರು ಗಾಡಿ ನೋಡಲು ಬಂದಿದ್ದರು. ಮಂಗಳೂರು ಕಡೆಯವರು, ಇಲ್ಲಿನ ಊರವರ ಸಂಘದ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು. ಗಾಡಿಯ ಇಂಜಿನನ್ನೂ ನೋಡಲಿಲ್ಲ, ಸೀಟನ್ನೂ ನೋಡಲಿಲ್ಲ. ಹಿಂದೆ ನಿಂತು ಪ್ಲೇಟಿನ ಅಂಕಿಗಳನ್ನು ಬೆರಳಿನಲ್ಲಿ ಕೂಡಿಸಿದರು.

"ನಂಬರ್ ಸಮೇತ ಕೊಡ್ತೀರಾದ್ರೆ ಈಗ್ಲೇ ಆಯ್ತು ಭಾವ. ಕೂಡಿಸಿದ್ರೆ ನನ್ನ ಲಕ್ಕಿ ನಂಬರ್ ಬರ್ತದೆ. ನಂಬರ್ ಇಲ್ಲದಿದ್ರೆ ಈ ಡಬ್ಬ ನಂಗ್ಯಾಕೆ?"

"ಡಬ್ಬ ಅನ್ಬೇಡಿ, ಇಲ್ಲೇ ನಿಂತು ಕೇಳ್ತಾ ಉಂಟು," ಎಂದರು ಅಪ್ಪ. ನಾಳೆ ಹೇಳುತ್ತೇನೆಂದು ಅವರನ್ನು ಕಳುಹಿಸಿದರು.

ಅವರು ಹೋದ ಮೇಲೆ ನನ್ನ ಕಡೆ ನೋಡದೆ ಹೇಳಿದರು: "ಕೊಟ್ರೆ ರಸ್ತೆಯಲ್ಲಾದ್ರೂ ಓಡ್ತಾ ಇರ್ತದೆ. ಎಲ್ಲಿಯಾದ್ರೂ ಒಂದು ದಿನ ಸಿಗ್ನಲ್ಲಿನಲ್ಲಿ ಕಾಣ್ಲಿಕ್ಕೂ ಸಿಗಬಹುದು."

ನಾನು ಅದನ್ನು ಕಲ್ಪಿಸಿಕೊಂಡು ನೋಡಿದೆ. ಅಬುಧಾಬಿಗೆ ಹೋಗುವ ರಸ್ತೆ, ಮುಂದೆ ಒಂದು ಬಿಳಿ ಗಾಡಿ, ಹಿಂದೆ ಆ ಐದು ಅಂಕಿಗಳು, ಎಡ ಮೂಲೆಯಲ್ಲಿ ಹೊಳೆಯುವ ತಗ್ಗು. ಒಳಗೆ ಹೋಟೆಲ್ ಯಜಮಾನರು. ಹಾಗೆ ಕಂಡರೆ ನಾನು ಏನು ಮಾಡಬೇಕು, ಹಿಂದೆ ಹೋಗಬೇಕೋ, ಲೇನ್ ಬದಲಿಸಬೇಕೋ, ಗೊತ್ತಾಗಲಿಲ್ಲ.

"ಕೊಡುವುದು ಬೇಡ," ಎಂದೆ.

"ಯಾಕೆ?"

"ಬೇಡ, ಅಷ್ಟೆ."

ಅಮ್ಮ ಹೋದ ಮೇಲೆ ಬೇಕು ಎಂದೋ ಬೇಡ ಎಂದೋ ನಾನು ಗಟ್ಟಿಯಾಗಿ ಹೇಳಿದ್ದು ಬೇರೆ ನೆನಪಿಲ್ಲ. ಅಪ್ಪ ನನ್ನ ಮುಖ ನೋಡಿದರು. "ಆಯ್ತು ಮಗಾ," ಎಂದರು. ಅವರಿಗೆ ಅದು ರಸ್ತೆಯಲ್ಲಿ ಇರಬೇಕಿತ್ತು. ನನಗೆ ಅದು ಬೇರೆಯವರದ್ದಾಗಬಾರದಿತ್ತು. ಎರಡೂ ಒಟ್ಟಿಗೆ ಆಗಬೇಕಾದರೆ ನನ್ನ ಹೆಸರಿನಲ್ಲೊಂದು ಗಾಡಿ ಬೇಕಿತ್ತು.

ಗಾಡಿ ಬೇರೆಯವರಿಗೆ ಹೋಯಿತು, ನಂಬರ್ ಬಿಟ್ಟು. ಪ್ಲೇಟು ಬಿಚ್ಚುವಾಗ ಅಪ್ಪನೂ ನಾನೂ ನಿಂತಿದ್ದೆವು. ಸ್ಕ್ರೂ ಒಂದು ತುಕ್ಕು ಹಿಡಿದು ಬರಲಿಲ್ಲ. ಬಿಚ್ಚುವವನು ಎಣ್ಣೆ ಬಿಟ್ಟು ಕಾದ. ಎರಡು ಪ್ಲೇಟುಗಳನ್ನೂ ಹಿಡಿದು ಟ್ರಾಫಿಕ್ ಕಚೇರಿಗೆ ಹೋದೆವು. ಕೌಂಟರಿನಲ್ಲಿ ಕಪ್ಪು ಅಬಾಯಾ ತೊಟ್ಟ ಹುಡುಗಿ, ನನ್ನ ವಯಸ್ಸಿನವಳೇ ಇರಬೇಕು, ಅಪ್ಪನ ಹೆಸರಿನಿಂದ ನನ್ನ ಹೆಸರಿಗೆ ಎಂಬುದನ್ನು ನೋಡಿ ಯಾವ ಗಾಡಿಗೆ ಎಂದು ಕೇಳಿದಳು.

ಗಾಡಿ ಇಲ್ಲ ಎಂದೆ.

"ಗಾಡಿ ಇಲ್ಲದೆ ಬರೀ ನಂಬರ್?"

"ಹೌದು. ಇಟ್ಟುಕೊಳ್ಳಲು."

ಅವಳು ಪರದೆಯ ಮೇಲಿನ ಅಂಕಿಗಳನ್ನು ಮತ್ತೊಮ್ಮೆ ನೋಡಿದಳು. ಅದರಲ್ಲಿ ವಿಶೇಷವೇನೂ ಕಾಣದೆ ಭುಜ ಸ್ವಲ್ಪ ಎತ್ತಿ ಒತ್ತಬೇಕಾದದ್ದನ್ನು ಒತ್ತಿದಳು. ಪ್ಲೇಟುಗಳನ್ನು ಒಪ್ಪಿಸಬೇಕು ಎಂದಳು. ರಸ್ತೆಗೆ ಇಳಿಯುವ ದಿನ ಹೊಸದು ಮಾಡಿಕೊಡುತ್ತಾರಂತೆ. ಅದು ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ, ಹಿಂದಿನ ಸಲಗಳಲ್ಲಿ ಪ್ಲೇಟು ಒಂದು ಗಾಡಿಯಿಂದ ಇನ್ನೊಂದಕ್ಕೆ ನೇರ ಹೋಗುತ್ತಿತ್ತು. ಅಪ್ಪ ಮುಂದಿನ ಪ್ಲೇಟನ್ನು ಮೊದಲು ಕೊಟ್ಟರು. ಹಿಂದಿನದನ್ನು ಕೊಡುವ ಮೊದಲು ಬೆರಳಿನಿಂದ ಒಮ್ಮೆ ತಟ್ಟಿದರು. ಕೌಂಟರಿನ ಒಳಗೆ ಎಲ್ಲೋ ಬೇರೆ ಪ್ಲೇಟುಗಳ ಮೇಲೆ ಅದು ಬಿದ್ದ ಸದ್ದಾಯಿತು.

ಒಂದು ವರ್ಷ ನಿಮ್ಮ ಹೆಸರಿನಲ್ಲಿ ಇರುತ್ತದೆ, ಮರೆಯದೆ ಮುಂದುವರಿಸಿ, ಎಂದಳು ಆ ಹುಡುಗಿ.

ಹೊರಗೆ ಬಂದ ಮೇಲೆ ಅಪ್ಪ ಹೇಳಿದರು: "ನನ್ನ ವೀಸಾದ ಹಾಗೇ ಆಯ್ತು. ವರ್ಷ ವರ್ಷ ರಿನ್ಯೂ. ನಾನೂ ನಿನ್ನ ಹೆಸರಲ್ಲಿ, ನಂಬರೂ ನಿನ್ನ ಹೆಸರಲ್ಲಿ. ಇಬ್ಬರೂ ರಸ್ತೆ ಮೇಲಿಲ್ಲ."

ನಾನು ನಗಬೇಕಿತ್ತು. ಬಿಸಿಲಿತ್ತು. ಗಾಡಿಯ ಬಾಗಿಲು ತೆಗೆದುಕೊಟ್ಟೆ.

ಅದಾದ ಮೇಲೆ ಕೆಲವು ತಿಂಗಳು ಯಾರೂ ಆ ವಿಷಯ ಎತ್ತಲಿಲ್ಲ. ನಾನು ಹೋಗಿ ಬರುತ್ತಿದ್ದೆ. ಅಪ್ಪ ಅಡುಗೆ ಕಲಿತರು. ಸಂಜೆ ಕಟ್ಟಡದ ಸುತ್ತ ನಡೆಯುತ್ತಿದ್ದರು. ಕಿಟಕಿಗಳಿಗೆ ಪರದೆ ಹಾಕಿಸಿದ್ದೂ ಅವರೇ.

ಒಂದು ಸಂಜೆ ನಾನು ತಂದಿದ್ದ ತೆಂಗಿನಕಾಯಿಗಳು ಗಾಡಿಯಲ್ಲೇ ಉಳಿದಿದ್ದವು. ಸಾರು ಮಾಡಲು ಕಾಯಿ ಬೇಕಿತ್ತು. ಅಪ್ಪ ನಾನೇ ತರುತ್ತೇನೆಂದು ಕೀಲಿ ಹಿಡಿದು ಬೇಸ್‌ಮೆಂಟಿಗೆ ಇಳಿದರು. ಬರಲಿಲ್ಲ. ಅಲ್ಲಿ ಫೋನ್ ಸಿಗುವುದಿಲ್ಲ. ಒಲೆ ಆರಿಸಿ ನಾನೂ ಇಳಿದೆ.

ಅವರು ಕಂಬದ ಆಚೆ ಒಂದು ಬಿಳಿ ಗಾಡಿಯ ಬಾಗಿಲಿನ ಹಿಡಿ ಎಳೆಯುತ್ತಿದ್ದರು. ಅದು ನಮ್ಮದಾಗಿರಲಿಲ್ಲ. ಕಿಟಕಿಯ ಗಾಜು ಕೆಳಗಿಳಿಯಿತು. ಒಳಗೆ ಫೋನಿನಲ್ಲಿ ಮಾತಾಡುತ್ತಿದ್ದ ಯುವಕ ಫೋನನ್ನು ಕಿವಿಯಿಂದ ತೆಗೆದು, "ಹಾಂ ಅಂಕಲ್?" ಎಂದ.

"ಸಾರಿ, ಸಾರಿ. ಸೇಮ್ ಸೇಮ್," ಎಂದರು ಅಪ್ಪ, ಬಾಗಿಲನ್ನೂ ಕೈಯಲ್ಲಿದ್ದ ಕೀಲಿಯನ್ನೂ ತೋರಿಸುತ್ತಾ.

ನನ್ನನ್ನು ಕಂಡು ಹತ್ತಿರ ಬಂದರು. ಕಣ್ಣು ಕಿರಿದು ಮಾಡಿಕೊಂಡು ಸಾಲನ್ನು ನೋಡಿದರು. ಸಾಲಿನಲ್ಲಿ ನಮ್ಮದೂ ಇತ್ತು, ಅದರಂಥದ್ದೇ ಇನ್ನೂ ಹಲವು ಇದ್ದವು.

"ಇದರ ನಂಬರ್ ಎಂಥ?"

ನನಗೆ ಗೊತ್ತಿರಲಿಲ್ಲ. ಪಾರ್ಕಿಂಗಿಗೆ ಬೇಕಾದಾಗ ಕೀಲಿಯ ಬಿಲ್ಲೆ ನೋಡಿ ಹೊಡೆಯುತ್ತಿದ್ದೆ. ನೋಡಿ ಮುಗಿದ ಕೂಡಲೇ ಮರೆಯುತ್ತಿದ್ದೆ.

"ಅದರಲ್ಲುಂಟು, ಬಿಲ್ಲೆಯಲ್ಲಿ."

"ಅಷ್ಟು ಸಣ್ಣ ಅಕ್ಷರ ಕಾಣುದಾದ್ರೆ ನಂಗೆ ಲೈಸೆನ್ಸೇ ಕೊಡ್ತಿದ್ರು." ನಂತರ ಹೇಳಿದರು, "ಎಂಎಸ್ಸಿ ಓದಿದವಳಿಗೆ ಸ್ವಂತ ಗಾಡಿಯ ನಂಬರ್ ಗೊತ್ತಿಲ್ಲ!"

"ಸ್ವಂತದ್ದಲ್ಲ."

"ಹೌದು. ಅದೂ ಹೌದು."

ಅವರ ಕೈಯಿಂದ ಕೀಲಿ ತೆಗೆದುಕೊಂಡು ಗುಂಡಿ ಒತ್ತಿದೆ. ಆಚೆ ತುದಿಯಲ್ಲಿ ಒಂದು ಗಾಡಿ ಕಣ್ಣು ಮಿಟುಕಿಸಿತು. ಹೋಗಿ ತೆಂಗಿನಕಾಯಿ ತೆಗೆದೆವು. ಲಿಫ್ಟಿನಲ್ಲಿ ಅಪ್ಪನಿಗೆ ನಗು ಬಂತು, ಭುಜ ಕುಲುಕುವಷ್ಟು. "ಸೇಮ್ ಸೇಮ್ ಅಂದೆ ನಾನು. ಪುಣ್ಯಕ್ಕೆ ಕೂರ್ಲಿಲ್ಲ. ಕೂತು ತೆಂಗಿನಕಾಯಿ ಎಲ್ಲಿ ಅಂತ ಕೇಳ್ತಿದ್ದೆ." ಹಾಗೆ ನಗುತ್ತಲೇ ಇದ್ದವರು ನಿಲ್ಲಿಸಿದರು.

"ಇದನ್ನು ಅವಳಿಗೆ ಹೇಳ್ಬೇಕಿತ್ತು," ಎಂದರು.

ಲಿಫ್ಟು ನಮ್ಮ ಮಹಡಿಯಲ್ಲಿ ನಿಂತಿತು. ಬಾಗಿಲು ತೆರೆದುಕೊಂಡಿತು. ಇಬ್ಬರೂ ಇಳಿಯಲಿಲ್ಲ. ಬಾಗಿಲು ತಾನಾಗಿ ಮುಚ್ಚಿಕೊಳ್ಳಲು ಹೊರಟಾಗ ನಾನು ಕೈ ಅಡ್ಡ ಹಿಡಿದೆ. ಕೈಗೆ ತಣ್ಣಗಿನ ಲೋಹ ತಾಗಿತು.

ಆ ದಿನ ಸಾರು ಚೆನ್ನಾಗಿತ್ತು. ಅಪ್ಪ ಎರಡು ಸಲ ಹಾಕಿಸಿಕೊಂಡರು. ನಂಬರಿನ ಮಾತು ಬರಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಅಬುಧಾಬಿಗೆ ಹೊರಟೆ. ಮಂಜಿತ್ತು. ಮುಂದಿನ ಗಾಡಿಗಳ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಪ್ರಯೋಗಾಲಯದ ಅಂಗಳದಲ್ಲಿ ಗಾಡಿ ನಿಲ್ಲಿಸಿ ಇಳಿದೆ. ಬಾಗಿಲಿನ ಕಡೆ ನಾಲ್ಕು ಹೆಜ್ಜೆ ಹೋದವಳು ಹಿಂದಿರುಗಿ ಗಾಡಿಯ ಹಿಂಬದಿಗೆ ಬಂದು ನಿಂತೆ. ಪ್ಲೇಟು ಇನ್ನೂ ಹೊಸದರ ಹಾಗೇ ಇತ್ತು, ಮೂಲೆಗಳು ನೆಟ್ಟಗಿದ್ದವು. ಓದಿದೆ. ಮತ್ತೊಮ್ಮೆ ಓದಿದೆ. ನಂತರ ಅಲ್ಲೇ ನಿಂತು ಏಜೆಂಟಿಗೆ ಫೋನ್ ಮಾಡಿ, ಗಾಡಿಯನ್ನು ಅವಧಿಗೆ ಮುಂಚೆ ವಾಪಸ್ ಕೊಡಬೇಕಾದರೆ ಏನು ಮಾಡಬೇಕೆಂದು ಕೇಳಿದೆ.

"ಎಂಥಾಯ್ತು ಅಕ್ಕ? ಗಾಡಿಯಲ್ಲಿ ಏನಾದ್ರೂ ಪ್ರಾಬ್ಲಮ್ಮಾ?"

"ಇಲ್ಲ. ಗಾಡಿ ಒಳ್ಳೆದುಂಟು."

"ಮೊದ್ಲೇ ಕೊಟ್ರೆ ದಂಡ ಉಂಟು, ನೋಡಿ."

"ಗೊತ್ತುಂಟು."

"ಮತ್ತೆ ಯಾಕೆ?"

"ನಂಬರ್ ನಮ್ದಲ್ಲ," ಎಂದೆ.

ಅವನು, ಒಂದು ನಿಮಿಷ ಅಕ್ಕ, ಲೈನಿನಲ್ಲಿರಿ, ಕೇಳಿ ಹೇಳ್ತೇನೆ, ಎಂದ. ನಾನು ಫೋನನ್ನು ಕಿವಿಗೆ ಹಿಡಿದು ಗಾಡಿಯ ಹಿಂದೆ ನಿಂತು ಕಾದೆ.